ನಚಿಕೇತ: ಅಪರೂಪದ ಒಂದು ಹೆಸರಿನ ಅರ್ಥ, ವ್ಯಾಕರಣ, ಬಳಕೆ

ಮಗುವಿಗೆ ಹೆಸರು ಹುಡುಕುವವರು ತಿರುವಿಹಾಕುವ ಪಟ್ಟಿಗಳಲ್ಲಿ 'ನಚಿಕೇತ'ದ ಮುಂದೆ ಸಾಮಾನ್ಯವಾಗಿ ಮೂರು ಅರ್ಥ ಕಾಣಿಸುತ್ತವೆ: ಬೆಂಕಿ, ವಾಜಶ್ರವಸನ ಮಗ, ಸಾವನ್ನು ಗೆದ್ದವನು. ಎರಡನೆಯದು ಅರ್ಥವೇ ಅಲ್ಲ, ಆಸಾಮಿಯ ಪರಿಚಯ. ಮೂರನೆಯದು ಕಠೋಪನಿಷತ್ತಿನಲ್ಲಿ ಯಮನ ಮನೆಗೆ ಹೋದ ಹುಡುಗನ ಕಥೆಯನ್ನು ಒಂದು ಸಾಲಿಗೆ ಇಳಿಸಿದ್ದು, ಅದೂ ಸ್ವಲ್ಪ ಉಬ್ಬಿಸಿ. ಮೊದಲನೆಯದು ಈ ಪದದ್ದಲ್ಲ, ಇದರಿಂದ ಹುಟ್ಟಿದ 'ನಾಚಿಕೇತ' ಎಂಬ ಬೇರೆ ಪದದ್ದು. ನಿಜವಾದ ಅರ್ಥ ಕಿವಿಗೆ ಸಪ್ಪೆಯಾಗಿ ಬೀಳುತ್ತದೆ: ಅರಿಯದವನು. ಅದನ್ನು ಕೇಳಿದ ಕೂಡಲೇ ಹಿಂದೆ ಸರಿಯಬೇಕಿಲ್ಲ. ಈ ಹೆಸರಿನ ಸ್ವಾರಸ್ಯವೆಲ್ಲ ಆ ಅರ್ಥದಲ್ಲೇ ಇದೆ.

'ನ' ಮತ್ತು 'ಚಿಕೇತ'

'ನ' ಎಂದರೆ ಇಲ್ಲ. 'ಚಿಕೇತ' ವೇದದ ಸಂಸ್ಕೃತದಲ್ಲಿ ಒಂದು ಕ್ರಿಯಾಪದ: ಕಂಡುಕೊಂಡನು, ಅರಿತನು, ಗಮನಕ್ಕೆ ತಂದುಕೊಂಡನು. ಧಾತು 'ಚಿತ್'. ಚಿತ್ತ, ಚೇತನ, ವರುಣನಿಗಿರುವ ಪ್ರಚೇತಸ್ ಎಂಬ ಹೆಸರು, ಎಲ್ಲವೂ ಈ ಧಾತುವಿನವೇ. ಚಕಾರದ ಜಾಗದಲ್ಲಿ ಕಕಾರ ಬಂದ ರೂಪಗಳೂ ಇವೆ. ಗುರುತು, ಬಾವುಟ ಎಂಬ ಅರ್ಥದ 'ಕೇತು', ನಾವು ದಿನವೂ ಆಡುವ 'ಚಿಕಿತ್ಸೆ' ಅದೇ ಬಳಗದವು. ಈ ಕಕಾರದ ರೂಪಗಳಿಗಾಗಿ ವೈಯಾಕರಣರು 'ಕಿತ್' ಎಂಬ ಇನ್ನೊಂದು ಧಾತುವನ್ನೇ ಹೇಳುವುದುಂಟು. ಎರಡಕ್ಕೂ ಅರಿವು ಎಂಬ ಅರ್ಥವೇ ಇರುವುದರಿಂದ ನಮ್ಮ ಹೆಸರಿಗೆ ಅದರಿಂದ ವ್ಯತ್ಯಾಸವಿಲ್ಲ.

'ನ' ಮತ್ತು 'ಚಿಕೇತ' ಅಕ್ಕಪಕ್ಕ ನಿಂತಿರುವ ಒಂದು ಜಾಗ ಋಗ್ವೇದದಲ್ಲಿದೆ, ಹತ್ತನೇ ಮಂಡಲದ 51ನೇ ಸೂಕ್ತದಲ್ಲಿ. ದೇವತೆಗಳಿಗೆ ಹವಿಸ್ಸು ಹೊರುವ ಕೆಲಸಕ್ಕೆ ಹೆದರಿ ಅಗ್ನಿ ನೀರಿನಲ್ಲಿ, ಗಿಡಮೂಲಿಕೆಗಳಲ್ಲಿ ಅಡಗಿರುತ್ತಾನೆ. ಹುಡುಕಿ ಬಂದ ವರುಣನಿಗೆ ಅವನು 'ಏತಮರ್ಥಂ ನ ಚಿಕೇತಾಹಮಗ್ನಿಃ' ಎನ್ನುತ್ತಾನೆ. ಈ ಕೆಲಸ ಅಗ್ನಿಯಾದ ನನ್ನ ಅರಿವಿಗೆ ಬರಲಿಲ್ಲ, ನಾನದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ ಎಂದು ತಾತ್ಪರ್ಯ. ಇದಕ್ಕೆ ಹಿಂದಿನ ಋಕ್ಕಿನಲ್ಲಿ, ಅಡಗಿದ್ದ ಅಗ್ನಿಯನ್ನು ಪತ್ತೆಮಾಡಿದವನು ಯಮ ಎಂದಿದೆ, ಅಲ್ಲಿಯ ಕ್ರಿಯಾಪದವೂ ಇದೇ ಧಾತುವಿನದು. ಅಗ್ನಿ, ಯಮ, ಅರಿಯದಿರುವುದು: ನಚಿಕೇತನ ಕಥೆಯ ಮೂರೂ ಎಳೆಗಳು ಅಲ್ಲಿ ಒಟ್ಟಿಗೇ ಇವೆ. ಹೆಸರು ನೇರವಾಗಿ ಆ ಸೂಕ್ತದಿಂದಲೇ ಬಂತು ಎಂದು ಸಾಧಿಸಲು ಆಗದಿದ್ದರೂ, ಕಾಕತಾಳೀಯ ಎಂದು ತಳ್ಳಿಹಾಕುವುದೂ ಕಷ್ಟ.

ವ್ಯಾಕರಣದ ದೃಷ್ಟಿಯಿಂದ ಒಂದು ತೊಡಕಿದೆ. ಸಂಸ್ಕೃತದಲ್ಲಿ 'ನ' ಸಮಾಸದ ಮೊದಲಲ್ಲಿ ಬಂದರೆ 'ಅ' ಅಥವಾ 'ಅನ್' ಆಗಿ ಮಾರ್ಪಡುವುದು ನಿಯಮ: ನ ಧರ್ಮ ಅಧರ್ಮವಾಗುತ್ತದೆ, ನ ಅಂತ ಅನಂತವಾಗುತ್ತದೆ. ಆ ಲೆಕ್ಕದಲ್ಲಿ ಇದು 'ಅಚಿಕೇತಸ್' ಆಗಬೇಕಿತ್ತು. 'ನ' ಹಾಗೆಯೇ ಉಳಿಯುವ ಪದಗಳನ್ನು ಪಾಣಿನಿ ಒಂದು ಸೂತ್ರದಲ್ಲಿ (6.3.75) ಹೆಸರಿಸಿ ಪಟ್ಟಿಮಾಡಿದ್ದಾನೆ. ನಕುಲ, ನಪುಂಸಕ, ನಕ್ಷತ್ರ, ನಮುಚಿ, ನಖ ಮೊದಲಾದವು ಅದರಲ್ಲಿವೆ, ನಚಿಕೇತಸ್ ಇಲ್ಲ. ಅಂದರೆ ಇದು ನಿಯಮದಿಂದ ಸಿದ್ಧವಾದ ಸಮಾಸವಲ್ಲ, 'ನ ಚಿಕೇತ' ಎಂಬ ಪುಟ್ಟ ವಾಕ್ಯವೇ ಗಟ್ಟಿಯಾಗಿ ಹೆಸರಾದಂತಿದೆ. ಅರ್ಥದ ಬಗ್ಗೆ ಪಟ್ಟಿಗಳು ತಡವರಿಸುವುದಕ್ಕೆ ಇದೂ ಒಂದು ಕಾರಣ: ನಿಯಮ ಹಿಡಿದು ಬಿಡಿಸಹೊರಟರೆ ಪದ ಬಿಚ್ಚಿಕೊಳ್ಳುವುದಿಲ್ಲ.

ಇನ್ನೊಂದು ತಪ್ಪು ವ್ಯುತ್ಪತ್ತಿಯೂ ಚಲಾವಣೆಯಲ್ಲಿದೆ. 'ನಿಕೇತ' ಎಂದರೆ ಮನೆ, ಆದ್ದರಿಂದ ನಚಿಕೇತ ಎಂದರೆ ಮನೆಯಿಲ್ಲದವನು ಎಂಬುದು. ಆ ಅರ್ಥ 'ಅನಿಕೇತ'ದ್ದು. ನಚಿಕೇತದಲ್ಲಿ 'ನಿಕೇತ' ಇಲ್ಲವೇ ಇಲ್ಲ, ನಡುವೆ 'ಚಿ' ಇದೆ.

ಕಠೋಪನಿಷತ್ತಿನಲ್ಲಿ ಹೆಸರು ಮಾಡುವ ಕೆಲಸ

ಈ ಹೆಸರನ್ನು ನಮಗೆ ಉಳಿಸಿಕೊಟ್ಟದ್ದು ಮುಖ್ಯವಾಗಿ ಕೃಷ್ಣಯಜುರ್ವೇದದ ಕಠೋಪನಿಷತ್ತು. ಎರಡು ಅಧ್ಯಾಯ, ಒಂದೊಂದರಲ್ಲಿ ಮೂರು ವಲ್ಲಿ (ಭಾಗ), ಒಟ್ಟು 119 ಮಂತ್ರ. ಕಥೆ ಇಷ್ಟು: ಸರ್ವಸ್ವವನ್ನೂ ದಾನ ಕೊಡುವ ಯಜ್ಞದಲ್ಲಿ ವಾಜಶ್ರವಸ ಮುದಿ ಹಸುಗಳನ್ನು ದಾನಕ್ಕೆ ಹೊರಡಿಸುತ್ತಾನೆ. ನೀರು ಕುಡಿದು ಮುಗಿಸಿದ, ಹುಲ್ಲು ತಿಂದು ಮುಗಿಸಿದ, ಹಾಲು ಕರೆಸಿಕೊಂಡು ಮುಗಿಸಿದ ಹಸುಗಳು. ನೋಡುತ್ತಿದ್ದ ಮಗ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳುತ್ತಾನೆ. ಎರಡು ಸಲ, ಮೂರು ಸಲ ಕೇಳಿದಾಗ ಅಪ್ಪ ರೇಗಿ, ನಿನ್ನನ್ನು ಮೃತ್ಯುವಿಗೆ ಕೊಡುತ್ತೇನೆ ಎನ್ನುತ್ತಾನೆ. ಹುಡುಗ ಯಮನ ಮನೆಗೆ ಹೋಗಿ, ಅವನು ಇಲ್ಲದ ಮೂರು ರಾತ್ರಿ ಊಟವಿಲ್ಲದೆ ಕಾಯುತ್ತಾನೆ. ಅದಕ್ಕೆ ಪ್ರತಿಯಾಗಿ ಮೂರು ವರ. ಮೊದಲನೆಯದು ಅಪ್ಪನ ಸಿಟ್ಟು ಇಳಿಯಲಿ ಎಂಬುದು. ಎರಡನೆಯದು ಸ್ವರ್ಗಕ್ಕೆ ಒಯ್ಯುವ ಅಗ್ನಿಯ ವಿದ್ಯೆ. ಮೂರನೆಯದು, ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ.

ಮೂರನೆಯ ವರದ ಮಾತಿನಲ್ಲಿ ಹೆಸರಿನ ಸೂಕ್ಷ್ಮ ಹೊರಬೀಳುತ್ತದೆ. ಹುಡುಗ ಕೇಳುವುದು 'ಯೇಯಂ ಪ್ರೇತೇ ವಿಚಿಕಿತ್ಸಾ ಮನುಷ್ಯೇ' ಎಂದು. ವಿಚಿಕಿತ್ಸೆ ಎಂದರೆ ಸಂಶಯ, ಇದೂ ಚಿತ್-ಕಿತ್ ಬಳಗದ ಪದ. ಮುಂದಿನ ಮಂತ್ರದಲ್ಲಿ ಯಮ ಅದೇ ಪದವನ್ನು ಎತ್ತಿಕೊಂಡು, ಹಿಂದೆ ದೇವತೆಗಳಿಗೂ ಇಲ್ಲಿ ಸಂಶಯವಿತ್ತು ಎನ್ನುತ್ತಾನೆ. 'ಅರಿಯದವನು' ಎಂಬ ಹೆಸರಿನ ಹುಡುಗ, ದೇವತೆಗಳೂ ಅರಿಯದ್ದನ್ನು ಕೇಳುತ್ತಿದ್ದಾನೆ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ, ಕುದುರೆ, ಬಂಗಾರ, ಬೇಕಾದಷ್ಟು ಆಯಸ್ಸು ಎಂದು ಯಮ ಆಸೆ ತೋರಿಸಿದರೂ ಪ್ರಶ್ನೆ ಬಿಡುವುದಿಲ್ಲ. ಹೀಗೆ ಓದಿದರೆ 'ಅರಿಯದವನು' ಎಂಬುದು ದಡ್ಡನೆಂದಲ್ಲ, ತನಗೆ ಗೊತ್ತಿಲ್ಲವೆಂದು ಒಪ್ಪಿ ಕೊನೆಯವರೆಗೂ ಕೇಳುವವನು ಎಂದಾಗುತ್ತದೆ. ಯಾರಾದರೂ ಅರ್ಥ ಕೇಳಿದರೆ 'ಬೆಂಕಿ' ಎನ್ನುವುದಕ್ಕಿಂತ ಹೀಗೆ ಹೇಳುವುದೇ ಮೇಲು. 'ಸಾವನ್ನು ಗೆದ್ದವನು' ಎನ್ನುವುದಂತೂ ಬೇಡ. ಅವನು ಯಮನ ಜತೆ ಯುದ್ಧ ಮಾಡಲಿಲ್ಲ, ಪಾಠ ಹೇಳಿಸಿಕೊಂಡ.

ಅಪ್ಪನ ಹೆಸರಿನಲ್ಲೂ ಒಂದು ಗೋಜಲಿದೆ. ಯಮನ ಬಾಯಲ್ಲಿ ಅವನು 'ಔದ್ದಾಲಕಿ ಆರುಣಿ'. ಉದ್ದಾಲಕನ ಮಗ ಔದ್ದಾಲಕಿ, ಅರುಣನ ಮಗ ಆರುಣಿ, ಒಬ್ಬನೇ ಇಬ್ಬರ ಮಗನಾಗುವುದು ಹೇಗೆ? ಉದ್ದಾಲಕನನ್ನೇ ಇಲ್ಲಿ ಔದ್ದಾಲಕಿ ಎಂದಿದೆ, ಇಲ್ಲವೇ ಅವನು ಇಬ್ಬರಿಗೂ ವಾರಸುದಾರನಾದ ಮಗ ಎಂದು ಶಂಕರಾಚಾರ್ಯರ ಭಾಷ್ಯ ಎರಡು ದಾರಿ ತೋರಿಸುತ್ತದೆ. ನಚಿಕೇತನನ್ನು ಯಮ 'ಗೌತಮ' ಎಂದೂ ಕರೆಯುತ್ತಾನೆ, ಅದು ಗೋತ್ರದ ಹೆಸರು.

ನಚಿಕೇತನೋ, ನಾಚಿಕೇತನೋ?

ಎರಡನೆಯ ವರ ಕೊಟ್ಟ ಮೇಲೆ ಯಮ ಖುಷಿಯಿಂದ ಹೆಚ್ಚಿನದೊಂದು ಕೊಡುಗೆ ಸೇರಿಸುತ್ತಾನೆ: ಈ ಅಗ್ನಿ ಇನ್ನು ನಿನ್ನ ಹೆಸರಿನಿಂದಲೇ ಪ್ರಸಿದ್ಧವಾಗಲಿ. ಆ ಅಗ್ನಿಯೇ 'ನಾಚಿಕೇತ'. ಶಿವನಿಂದ ಶೈವ, ವಸುದೇವನಿಂದ ವಾಸುದೇವ ಆಗುವ ಹಾಗೆ ಮೊದಲ ಸ್ವರ ಹಿಗ್ಗಿದೆ. ಹೀಗೆ ಒಂದು ನಾಮಪದದಿಂದ ಹುಟ್ಟಿದ ಪದವನ್ನು ತದ್ಧಿತ ಎನ್ನುತ್ತಾರೆ. ಹ್ರಸ್ವ 'ನ' ಇದ್ದರೆ ಹುಡುಗ, ದೀರ್ಘ 'ನಾ' ಇದ್ದರೆ ಅವನ ಹೆಸರಿನ ಅಗ್ನಿ. 'ಬೆಂಕಿ' ಎಂಬ ಅರ್ಥ ಪಟ್ಟಿಗಳಿಗೆ ನುಸುಳಿದ್ದು ಇಲ್ಲಿಂದಲೇ. ತೈತ್ತಿರೀಯ ಬ್ರಾಹ್ಮಣದ ಮೂರನೇ ಕಾಂಡದ ಕೊನೆಯಲ್ಲಿ, ಕಾಠಕ ಎಂದು ಹೆಸರಾದ ಭಾಗದಲ್ಲಿ, ಈ ನಾಚಿಕೇತ ಅಗ್ನಿಯ ಚಯನವೂ (ಇಟ್ಟಿಗೆ ಜೋಡಿಸಿ ವೇದಿ ಕಟ್ಟುವ ವಿಧಿ) ಇದೇ ಕಥೆಯ ಇನ್ನೊಂದು ಪಾಠವೂ ಬರುತ್ತವೆ. ಅಲ್ಲಿಯ ಮೂರನೆಯ ವರ ಆತ್ಮವಿದ್ಯೆಯಲ್ಲ, ಪುನರ್ಮೃತ್ಯುವನ್ನು, ಅಂದರೆ ಮತ್ತೆ ಸಾಯುವುದನ್ನು ದಾಟುವ ಉಪಾಯ.

ಇಷ್ಟು ಹೇಳಿದ ಮೇಲೆ ಒಂದು ಅಪವಾದ ಒಪ್ಪಿಕೊಳ್ಳಬೇಕು. ಮಹಾಭಾರತದ ಅನುಶಾಸನ ಪರ್ವದಲ್ಲಿ ಗೋದಾನದ ಮಹಿಮೆ ಹೇಳುವಾಗ ಬರುವ ಇದೇ ಕಥೆಯಲ್ಲಿ ಹುಡುಗನ ಹೆಸರೇ ನಾಚಿಕೇತ. ಆದ್ದರಿಂದ ಯಾರಾದರೂ ದೀರ್ಘ ಇಟ್ಟರೆ ಅದಕ್ಕೆ ಆಧಾರವೇ ಇಲ್ಲವೆನ್ನಲಾಗದು.

ಆದರೂ ಕನ್ನಡದ ಮನೆಯಲ್ಲಿ ಹ್ರಸ್ವವೇ ಕ್ಷೇಮ. ಕಾರಣ ವೇದದಲ್ಲಿಲ್ಲ, ಶಾಲೆಯ ಅಂಗಳದಲ್ಲಿದೆ: ನಾಚಿಕೇತ ಎಂದ ಕೂಡಲೇ ನಾಚಿಕೆ ನೆನಪಾಗುತ್ತದೆ. ಮೂರನೇ ಕ್ಲಾಸಿನ ಹುಡುಗರಿಗೆ ಅಷ್ಟು ಸಾಕು. ಇಂಗ್ಲಿಷ್ ಕಾಗುಣಿತದಲ್ಲಿ ನ-ನಾ ವ್ಯತ್ಯಾಸ ಕಾಣಿಸದ ಕಾರಣ ಹಾಜರಿ ಕರೆಯುವವರು ದೀರ್ಘವಾಗಿ ಓದುವ ಸಂಭವ ಯಾವಾಗಲೂ ಇದೆ. ಹಿಂದಿಯವರಿಗೆ ಅದೇ ಅಕ್ಷರಗಳಲ್ಲಿ 'ನಾಚ್', ಅಂದರೆ ಕುಣಿತ, ಕಾಣಿಸಬಹುದು. ಮಗುವಿಗೆ ಸಣ್ಣದರಿಂದಲೇ 'ನ' ಹ್ರಸ್ವ, 'ಕೇ' ದೀರ್ಘ ಎಂದು ಹೇಳಿಕೊಟ್ಟರೆ ಅವನೇ ತಿದ್ದುತ್ತಾನೆ.

ದೀರ್ಘ ಹುಟ್ಟಿಕೊಳ್ಳುವುದಕ್ಕೆ ಜಾತಕವೂ ಒಂದು ದಾರಿ. ನಾಮಾಕ್ಷರದ ಕೋಷ್ಟಕದಲ್ಲಿ ಅನೂರಾಧಾ ನಕ್ಷತ್ರದ ನಾಲ್ಕು ಪಾದಗಳಿಗೆ 'ನಾ ನೀ ನೂ ನೇ' ಎಂದು ದೀರ್ಘದಲ್ಲೇ ಅಚ್ಚಾಗಿರುತ್ತದೆ. ಮೊದಲ ಪಾದದಲ್ಲಿ ಹುಟ್ಟಿದ ಮಗುವಿಗೆ 'ನಾ'ದಿಂದಲೇ ಶುರುವಾಗಬೇಕೆಂದು ತಿಳಿದು ಹೆಸರನ್ನು ಹಿಗ್ಗಿಸುವವರಿದ್ದಾರೆ. ಅಗತ್ಯವಿಲ್ಲ. ಈ ಲೆಕ್ಕದಲ್ಲಿ ನ, ನಾ ಎರಡೂ ಒಂದೇ.

ಗೃಹ್ಯಸೂತ್ರದ ಅಳತೆಗೋಲು

ಗೃಹ್ಯಸೂತ್ರಗಳೆಂದರೆ ಮನೆಯಲ್ಲಿ ನಡೆಸುವ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥಗಳು. ಹುಡುಗನ ಹೆಸರು ಹೇಗಿರಬೇಕು ಎಂದು ಆಶ್ವಲಾಯನ ಗೃಹ್ಯಸೂತ್ರ ಖಚಿತವಾಗಿ ಹೇಳುತ್ತದೆ. ಮೊದಲ ಅಕ್ಷರ ಘೋಷವಾಗಿರಬೇಕು (ಗ, ಜ, ದ, ಬ ಮೊದಲಾದವು, ಅನುನಾಸಿಕಗಳೂ ಸೇರಿ). ನಡುವೆ ಯ, ರ, ಲ, ವಗಳಲ್ಲಿ ಒಂದು ಬರಬೇಕು. ಕೊನೆ ವಿಸರ್ಗವಾಗಿರಬೇಕು. ಅಕ್ಷರಗಳು ಎರಡು ಅಥವಾ ನಾಲ್ಕು: ನೆಲೆ ಬಯಸುವವನಿಗೆ ಎರಡು, ಬ್ರಹ್ಮವರ್ಚಸ್ಸು ಬಯಸುವವನಿಗೆ ನಾಲ್ಕು. ಒಟ್ಟಿನಲ್ಲಿ ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸಸಂಖ್ಯೆ. ಪಾರಸ್ಕರ ಗೃಹ್ಯಸೂತ್ರ ಇದಕ್ಕೆ ಇನ್ನೊಂದು ಸೇರಿಸುತ್ತದೆ: ಹುಡುಗನ ಹೆಸರು ಧಾತುವಿನಿಂದ ಬಂದ ಕೃದಂತವಾಗಿರಲಿ, ತದ್ಧಿತ ಬೇಡ.

ನಚಿಕೇತಾಃ ಎಂಬ ಪ್ರಥಮಾ ರೂಪವನ್ನು ಇದಕ್ಕೆ ಹಿಡಿದು ನೋಡಿ. ಮೊದಲಕ್ಷರ ನಕಾರ, ಘೋಷ, ಸರಿ. ನ-ಚಿ-ಕೇ-ತಾಃ, ನಾಲ್ಕು ಅಕ್ಷರ, ಸರಿ. ಕೊನೆಗೆ ವಿಸರ್ಗ, ಸರಿ. ಧಾತುವಿನಿಂದ ಬಂದದ್ದು, ಅದೂ ಹೆಚ್ಚುಕಡಿಮೆ ಸರಿ. ಸೋಲುವುದು ಒಂದೇ ಕಡೆ: ನಡುವೆ ಯ ರ ಲ ವ ಯಾವುದೂ ಇಲ್ಲ. ಇನ್ನು 'ನಾಚಿಕೇತ' ತದ್ಧಿತವಾದ್ದರಿಂದ ಪಾರಸ್ಕರದ ಪ್ರಕಾರ ಬೇಡವಾದ ಗುಂಪಿಗೇ ಬೀಳುತ್ತದೆ. ಈಗಿನ ಬಳಕೆಯ 'ನಚಿಕೇತ್' ಅಂತೂ ನ-ಚಿ-ಕೇತ್ ಎಂದು ಮೂರೇ ಅಕ್ಷರ, ಸೂತ್ರದ ಲೆಕ್ಕದಲ್ಲಿ ಹೆಣ್ಣುಮಕ್ಕಳ ಸಂಖ್ಯೆ. ಯಾರೂ ಇವತ್ತು ಸೂತ್ರ ಹಿಡಿದು ಹೆಸರಿಡುವುದಿಲ್ಲ ನಿಜ. ಆದರೆ 'ಶಾಸ್ತ್ರೋಕ್ತ ಹೆಸರು' ಎಂದು ಹೇಳಿಕೊಳ್ಳುವವರು ಕನಿಷ್ಠ ಶಾಸ್ತ್ರದ ಈ ನಾಲ್ಕು ಸಾಲು ನೋಡಿರಬೇಕು.

ಕೊನೆಯಲ್ಲಿ ಅಡಗಿರುವ ಸಕಾರ

ಮೂಲ ಪ್ರಾತಿಪದಿಕ, ಅಂದರೆ ವಿಭಕ್ತಿ ಹತ್ತುವ ಮೊದಲಿನ ರೂಪ, 'ನಚಿಕೇತಸ್', ಸಕಾರಾಂತ ಪುಲ್ಲಿಂಗ. ರಾಮ ಶಬ್ದದ ಹಾಗೆ ನಡೆಯುವುದಿಲ್ಲ, ಚಂದ್ರಮಸ್ ಶಬ್ದದ ಹಾಗೆ ನಡೆಯುತ್ತದೆ: ನಚಿಕೇತಾಃ, ನಚಿಕೇತಸಮ್, ನಚಿಕೇತಸಾ, ನಚಿಕೇತಸೇ, ನಚಿಕೇತಸಃ. ಚಂದ್ರಮಸ್ ಕನ್ನಡಕ್ಕೆ ಬಂದು ಸಕಾರ ಕಳಚಿ ಚಂದ್ರಮ ಆಯಿತು. ಅದೇ ದಾರಿಯಲ್ಲಿ ನಚಿಕೇತಸ್ ನಚಿಕೇತ ಆಗಿದೆ. ಹಾಗಾಗಿ ಕನ್ನಡದಲ್ಲಿ ನಚಿಕೇತ ಎಂಬುದು ಪೂರ್ಣವಾಗಿ ಸರಿ, ನಚಿಕೇತನು, ನಚಿಕೇತನಿಗೆ, ನಚಿಕೇತನ ಎಂದು ಸಲೀಸಾಗಿ ವಿಭಕ್ತಿ ಹತ್ತುತ್ತದೆ. ಹಿಂದಿ, ಬಂಗಾಳಿಯವರು ಪ್ರಥಮಾ ರೂಪವನ್ನೇ ಎತ್ತಿಕೊಂಡು ವಿಸರ್ಗ ಬಿಟ್ಟು ನಚಿಕೇತಾ ಎನ್ನುತ್ತಾರೆ. ಕೊನೆಯ ಅಕಾರ ನುಂಗುವ ಮರಾಠಿಯ ಉಚ್ಚಾರಣೆಯಲ್ಲಿ ಅದು ನಚಿಕೇತ್. ಬೆಂಗಳೂರಿನ ಶಾಲೆಗಳಲ್ಲಿ ಈಗ ಕೇಳಿಸುವ ನಚಿಕೇತ್ ಕೂಡ ಆ ಕಡೆಯ ಗಾಳಿ. ಕನ್ನಡಕ್ಕೆ ಅಕಾರ ನುಂಗುವ ಅಭ್ಯಾಸವೇ ಇಲ್ಲದಿರುವಾಗ ಅದನ್ನು ಕತ್ತರಿಸುವ ಅವಶ್ಯಕತೆ ಏನು ಎಂಬುದು ನ್ಯಾಯವಾದ ಪ್ರಶ್ನೆ.

ಸಕಾರ ಮತ್ತೆ ಬೇಕಾಗುವುದು ಪೂಜೆಯಲ್ಲಿ. ಅರ್ಚನೆಯ ಸಂಕಲ್ಪದಲ್ಲಿ ಪುರೋಹಿತರು ಅಭ್ಯಾಸಬಲದಿಂದ 'ನಚಿಕೇತನಾಮಧೇಯಸ್ಯ' ಎಂದುಬಿಡುತ್ತಾರೆ. ಮನಸ್ ಮತ್ತು ರಥ ಸೇರಿ ಮನೋರಥವಾಗುವಂತೆ ಇಲ್ಲಿ ಆಗಬೇಕಾದದ್ದು 'ನಚಿಕೇತೋನಾಮಧೇಯಸ್ಯ'. ಉಪನಯನ ಮಾಡುವ ಮನೆಗಳಲ್ಲಿ ಅಭಿವಾದನ ಹೇಳುವಾಗ 'ನಚಿಕೇತಶ್ಶರ್ಮಾ', 'ನಚಿಕೇತಶರ್ಮಾ' ಅಲ್ಲ. ಕರೆಯುವಾಗ ವಿಸರ್ಗಕ್ಕೂ ಸಂಧಿಯಾಗುತ್ತದೆ, ಉಪನಿಷತ್ತಿನಲ್ಲಿ ಯಮ 'ನಚಿಕೇತೋ' ಎಂದು ಕರೆಯುವುದು ಅದಕ್ಕೇ. ಹೆಸರಿಡುವ ದಿನವೇ ಇದನ್ನು ಪುರೋಹಿತರ ಜತೆ ಮಾತಾಡಿಕೊಂಡರೆ ಮುಂದೆ ಸಂಕಲ್ಪದ ನಡುವೆ ತಡೆಯುವ ಮುಜುಗರವಿಲ್ಲ.

ಯಾಕೆ ಅಪರೂಪ?

ಉಪನಿಷತ್ತು ಇಷ್ಟು ಪ್ರಸಿದ್ಧ, ಆದರೆ ಅಜ್ಜ ಮುತ್ತಜ್ಜಂದಿರ ಸಾಲಿನಲ್ಲಿ ನಚಿಕೇತ ಸಿಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಇದಕ್ಕೆ ಉತ್ತರ ನಮ್ಮ ಹೆಸರಿಡುವ ಪದ್ಧತಿಯಲ್ಲಿದೆ. ಕರ್ನಾಟಕದಲ್ಲಿ ಗಂಡುಮಕ್ಕಳ ಹೆಸರು ಬಹುಕಾಲದಿಂದ ಬಂದದ್ದು ಮನೆದೇವರಿಂದ, ಹರಕೆಯಿಂದ, ಗುರುಪರಂಪರೆಯಿಂದ, ತಾತನಿಂದ. ಮಂಜುನಾಥ, ವೆಂಕಟೇಶ, ಮಲ್ಲಿಕಾರ್ಜುನ, ಬಸವರಾಜ, ರಾಘವೇಂದ್ರ, ಇವೆಲ್ಲ ಕರೆದರೆ ದೇವರನ್ನೋ ಗುರುವನ್ನೋ ಕರೆದಂತಾಗುವ ಹೆಸರುಗಳು. ಮಗನನ್ನು ನಾರಾಯಣ ಎಂದು ಕೂಗಿಯೇ ಅಜಾಮಿಳ ಪಾರಾದ ಎಂಬ ಭಾಗವತದ ಕಥೆ ಈ ಪದ್ಧತಿಗೆ ಬೆಂಬಲ. ನಚಿಕೇತ ದೇವರಲ್ಲ. ಅವನಿಗೆ ಗುಡಿಯಿಲ್ಲ, ಜಾತ್ರೆಯಿಲ್ಲ, ಅವನಿಗೆ ಯಾರೂ ಹರಕೆ ಹೊರುವುದಿಲ್ಲ. ತಾತನಿಗೆ ಆ ಹೆಸರಿರಲಿಲ್ಲವಾದ್ದರಿಂದ ಮೊಮ್ಮಗನಿಗೂ ಬರಲಿಲ್ಲ.

ಹಿರಿಯರ ಅಳುಕು ಇನ್ನೊಂದು. ಅಪ್ಪ ಸಿಟ್ಟಿನಲ್ಲಿ ಯಮನಿಗೆ ಕೊಟ್ಟ ಮಗನ ಹೆಸರನ್ನು ತೊಟ್ಟಿಲಲ್ಲಿರುವ ಕೂಸಿಗೆ ಇಡುವುದೇ ಎಂದು ಕೇಳುವವರಿದ್ದಾರೆ. ಬರಿಯ ಮೂಢನಂಬಿಕೆ ಎಂದು ಇದನ್ನು ಪಕ್ಕಕ್ಕಿಡುವ ಹಾಗಿಲ್ಲ. ಈ ಉಪಾಖ್ಯಾನವನ್ನು ಶ್ರಾದ್ಧಕಾಲದಲ್ಲಿ ಕೇಳಿಸುವುದು ಅನಂತ ಫಲವೆಂದು ಕಠೋಪನಿಷತ್ತೇ ಮೊದಲ ಅಧ್ಯಾಯದ ಕೊನೆಯಲ್ಲಿ ಹೇಳುತ್ತದೆ. ಹಾಗಾಗಿ ಈ ಹೆಸರಿಗೆ ಅಪರಕರ್ಮದ ನೆನಪು ಅಂಟಿಕೊಂಡಿರುವುದು ಸಹಜ. ಅಂಥ ಹಿರಿಯರಿಗೆ ಮೊದಲ ವರವನ್ನು ನೆನಪಿಸಬಹುದು: ಯಮನಿಂದ ಹಿಂತಿರುಗಿದ ಮಗನನ್ನು ಅಪ್ಪ ಗುರುತಿಸಿ, ಸಿಟ್ಟಿಲ್ಲದೆ ಮಾತಾಡಿಸಬೇಕು ಎಂದು ಹುಡುಗ ಕೇಳಿದ, ಅದು ಸಿಕ್ಕಿತು, ಅಪ್ಪ ರಾತ್ರಿ ನೆಮ್ಮದಿಯಿಂದ ಮಲಗುತ್ತಾನೆ ಎಂದೂ ಯಮ ಹೇಳಿದ.

ಹೆಸರಿಗೆ ಹೊಸ ಜೀವ ಬಂದದ್ದು ಉಪನಿಷತ್ತುಗಳು ಮಠದ ಪಾಠದಿಂದ ಹೊರಬಂದು ಅಚ್ಚಾಗಿ, ಅನುವಾದವಾಗಿ, ಭಾಷಣಗಳಲ್ಲಿ ಬೆರೆತ ಮೇಲೆ. ವಿವೇಕಾನಂದರು ನಚಿಕೇತನ ಶ್ರದ್ಧೆಯನ್ನು ಮತ್ತೆ ಮತ್ತೆ ಎತ್ತಿ ಹೇಳಿದರು. ಅವರ ಹೆಸರಿನೊಂದಿಗೆ ಬೆಸೆದುಹೋದ 'ಉತ್ತಿಷ್ಠತ ಜಾಗ್ರತ' ಎಂಬ ಮಾತು ಇದೇ ಕಠೋಪನಿಷತ್ತಿನದು. ಆ ಪ್ರಭಾವವಿದ್ದ ಓದುಬರಹದ ಕುಟುಂಬಗಳಲ್ಲಿ ಹೆಸರು ಮೆಲ್ಲಗೆ ಕಾಣಿಸಿಕೊಂಡಿತು. ದೇಶದ ಕಿವಿಗೆ ಅದು ದೊಡ್ಡದಾಗಿ ಬಿದ್ದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಮೇ 27ರಂದು ಮಿಗ್-27 ವಿಮಾನದಿಂದ ಹೊರಜಿಗಿದು ಪಾಕಿಸ್ತಾನದ ಸೆರೆಯಾದ ಫ್ಲೈಟ್ ಲೆಫ್ಟಿನೆಂಟ್ ಕಂಭಂಪಾಟಿ ನಚಿಕೇತ ಜೂನ್ 3ರಂದು ಬಿಡುಗಡೆಯಾದರು, ಅಷ್ಟೂ ದಿನ ಹೆಸರು ಸುದ್ದಿಯಲ್ಲಿತ್ತು. ಬಂಗಾಳದಲ್ಲಿ ಅದಕ್ಕಿಂತ ಮೊದಲೇ ಗಾಯಕ ನಚಿಕೇತಾ ಚಕ್ರವರ್ತಿ ಮನೆಮಾತಾಗಿದ್ದರು. ಆರ್ಥಿಕ ವಲಯದವರಿಗೆ, ರಿಸರ್ವ್ ಬ್ಯಾಂಕಿನ ಸಮಿತಿಯೊಂದರ ಅಧ್ಯಕ್ಷರಾಗಿ 2014ರಲ್ಲಿ ವರದಿ ಕೊಟ್ಟ ನಚಿಕೇತ್ ಮೋರ್ ಗೊತ್ತು. ಮೂವರು, ಮೂವರದೂ ಬೇರೆ ಬೇರೆ ಕೊನೆಯ ಅಕ್ಷರ.

ಜನಪ್ರಿಯತೆ ಅಳೆಯುವ ಬಗೆ

'ಈ ಹೆಸರು ಭಾರತದಲ್ಲಿ ಎಷ್ಟನೇ ಸ್ಥಾನದಲ್ಲಿದೆ' ಎಂದು ಹೇಳುವ ಪುಟಗಳನ್ನು ನಂಬಬೇಡಿ. ವರ್ಷವರ್ಷವೂ ಮಕ್ಕಳ ಹೆಸರಿನ ಶ್ರೇಯಾಂಕ ಹೊರಡಿಸುವ ಸರ್ಕಾರಿ ಪದ್ಧತಿ ನಮ್ಮಲ್ಲಿಲ್ಲ. ಜನನ ನೋಂದಣಿಯಾಗುತ್ತದೆ, ಹೆಸರುಗಳ ಎಣಿಕೆ ಪ್ರಕಟವಾಗುವುದಿಲ್ಲ. ಅಂಥ ಪುಟಗಳು ಎಣಿಸುವುದು ಬಹುಮಟ್ಟಿಗೆ ತಮ್ಮದೇ ಓದುಗರ ಕ್ಲಿಕ್ಕುಗಳನ್ನು, ಮೆಚ್ಚುಗೆಗಳನ್ನು.

ನಿಜವಾದ ಎಣಿಕೆ ಸಿಗುವುದು ಹೊರದೇಶಗಳಲ್ಲಿ, ಅಲ್ಲಿ ನೆಲೆಸಿದ ಭಾರತೀಯರ ಮಕ್ಕಳ ಮಟ್ಟಿಗೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಆಡಳಿತ ವರ್ಷಕ್ಕೊಮ್ಮೆ ಹೆಸರುಗಳ ಪೂರ್ತಿ ಕಡತ ಬಿಡುತ್ತದೆ, ಆದರೆ ಆ ವರ್ಷ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶ ಕಚೇರಿಯ ಪಟ್ಟಿಗೆ ಕನಿಷ್ಠ 3 ಮಕ್ಕಳು ಬೇಕು. ಎರಡೂ ಕಡೆ ಒಂದೊಂದು ಕಾಗುಣಿತವನ್ನೂ ಬೇರೆ ಹೆಸರಾಗಿ ಎಣಿಸುತ್ತಾರೆ. ನಮ್ಮ ಹೆಸರಿಗೆ ಇದು ದೊಡ್ಡ ಹೊಡೆತ: ಕೊನೆಗೆ 'ಟಿ', 'ಟಿ-ಎಚ್', 'ಟಿ-ಎ', 'ಟಿ-ಎಚ್-ಎ', 'ಟಿ-ಎ-ಎಸ್' ಎಂದು ಐದು ರೂಪಗಳಾದರೂ ಇವೆ. ಒಂದು ವರ್ಷದಲ್ಲಿ ಹದಿನೈದು ಮಕ್ಕಳಿಗೆ ಈ ಹೆಸರಿಟ್ಟು, ಒಂದೊಂದು ಕಾಗುಣಿತಕ್ಕೆ ಮೂವರಂತೆ ಹಂಚಿಹೋದರೆ ಅಮೆರಿಕದ ಕಡತದಲ್ಲಿ ಹೆಸರೇ ಇರುವುದಿಲ್ಲ. ಆದ್ದರಿಂದ ಹುಡುಕುವಾಗ ಎಲ್ಲ ಕಾಗುಣಿತಗಳನ್ನೂ ಒಂದೊಂದಾಗಿ ಹುಡುಕಿ ಕೂಡಿಸಬೇಕು. ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಸೊನ್ನೆಯಲ್ಲ.

ಸದ್ಯ ಓಡುತ್ತಿರುವ ಹೆಸರುಗಳ ಜಾಡೂ ಇದರ ವಿರುದ್ಧ ದಿಕ್ಕಿನಲ್ಲಿದೆ. ಎರಡೇ ಅಕ್ಷರ, ಮೃದು ವ್ಯಂಜನ, ಕೊನೆಗೆ 'ನ್' ಅಥವಾ 'ಶ್'. ವಿಹಾನ್, ಅಯಾನ್, ರೆಯಾಂಶ್. ಈ ಓಟದಲ್ಲಿ ಅರ್ಥ ಹಿಂದೆ ಬೀಳುತ್ತದೆ. ರೆಯಾಂಶ್‌ಗೆ 'ಕಿರಣದ ಅಂಶ' ಎಂದು ಅರ್ಥ ಬರೆಯುತ್ತಾರೆ, ಆದರೆ ಕಿರಣ ಎಂಬ ಅರ್ಥದ 'ರೆ' ಸಂಸ್ಕೃತದಲ್ಲಿಲ್ಲ, ಇಂಗ್ಲಿಷಿನಲ್ಲಿದೆ. ನಾಲ್ಕು ಅಕ್ಷರದ, ನಡುವೆ 'ಚಿಕೇ' ಎಂದು ಕಿಟಿಗುಟ್ಟುವ ನಚಿಕೇತ ಈ ಓಟದಲ್ಲಿ ಮುಂದೆ ಬರುವ ಲಕ್ಷಣವಿಲ್ಲ. ಅಪರೂಪದ ಹೆಸರೇ ಬೇಕೆನ್ನುವವರಿಗೆ ಅದು ಒಳ್ಳೆಯ ಸುದ್ದಿ.

ಕಾಗುಣಿತ ಮತ್ತು ಕಾಗದಪತ್ರ

ಕನ್ನಡದಲ್ಲಿ ಬರೆಯಬೇಕಾದದ್ದು ನಚಿಕೇತ, 'ಕೇ' ದೀರ್ಘ. ಸಂಸ್ಕೃತದಲ್ಲಿ ಹ್ರಸ್ವ ಎಕಾರವೇ ಇಲ್ಲ, ಆದ್ದರಿಂದ ನಚಿಕೆತ ಎಂಬ ರೂಪಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅರ್ಜಿಗಳಲ್ಲಿ ಹೆಚ್ಚು ಕಾಣುವುದು ಇದೇ ತಪ್ಪು, ಏಕೆಂದರೆ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದನ್ನು ಗಣಕಯಂತ್ರ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿನ 'ಟಿ' ಒಂದೇ ಇದ್ದರೆ ಅದು ನಚಿಕೇಟ ಆಗಬಹುದು, 'ಟಿ-ಎಚ್' ಹಾಕಿದರೆ ನಚಿಕೇಥ ಆಗಬಹುದು. ಯಾವ ಕಾಗುಣಿತ ಆರಿಸಿದರೂ ಕನ್ನಡ ರೂಪವನ್ನು ಕೈಯಿಂದ ತಿದ್ದಿಸದೆ ವಿಧಿಯಿಲ್ಲ.

'ಟಿ'ಯೋ 'ಟಿ-ಎಚ್'ಓ ಎಂಬುದಕ್ಕೆ ಒಂದು ಸರಳ ನಿರ್ಧಾರವಿದೆ. ದಕ್ಷಿಣದಲ್ಲೇ ಬಾಳುವ ಮಗುವಾದರೆ 'ಟಿ-ಎಚ್' ಅನ್ನು ಎಲ್ಲರೂ ತಕಾರವಾಗಿಯೇ ಓದುತ್ತಾರೆ. ಉತ್ತರಕ್ಕೆ ಹೋದರೆ ಅದನ್ನು ಥಕಾರವೆಂದು, ವಿದೇಶಕ್ಕೆ ಹೋದರೆ ನಾಲಿಗೆ ಹಲ್ಲಿಗೆ ಸಿಕ್ಕಿಸುವ ಇಂಗ್ಲಿಷ್ ದನಿಯೆಂದು ಓದುತ್ತಾರೆ. ಒಟ್ಟು ಲೆಕ್ಕದಲ್ಲಿ ಬರಿಯ 'ಟಿ', ಕೊನೆಗೆ 'ಎ', ಕಡಿಮೆ ತೊಂದರೆಯ ರೂಪ. ಅದಕ್ಕೊಂದು ಬೆಲೆಯಿದೆ: 'ಎ'ಯಿಂದ ಮುಗಿಯುವ ಹೆಸರನ್ನು ವಿದೇಶಗಳಲ್ಲಿ ಹುಡುಗಿಯ ಹೆಸರೆಂದು ತಿಳಿಯುತ್ತಾರೆ. ಸಂಖ್ಯಾಶಾಸ್ತ್ರಕ್ಕಾಗಿ ನಡುವೆ 'ಇ' ಇಮ್ಮಡಿಸುವುದು, ಬೇಡದ ಕಡೆ 'ಎಚ್' ಸೇರಿಸುವುದು ಮಾತ್ರ ಮಾಡಬೇಡಿ. ಇಂಗ್ಲಿಷಿನಲ್ಲಿ 'ಇ' ಎರಡಾದರೆ ಓದುವವರು ನಚಿಕೀತ ಎನ್ನುತ್ತಾರೆ, ಅದು ಯಾವ ಭಾಷೆಯ ಪದವೂ ಅಲ್ಲ.

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಆಗಲೇ ಹೆಸರು ಕೊಡಲೇಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕೊಟ್ಟು ಸೇರಿಸಬಹುದು. ಹೆಸರಿನ ರೂಪದ ಬಗ್ಗೆ ಮನೆಯಲ್ಲಿ ಚರ್ಚೆ ಮುಗಿದಿಲ್ಲವಾದರೆ ಆಸ್ಪತ್ರೆಯಲ್ಲಿ ಅವಸರದಿಂದ ಬರೆಸುವುದಕ್ಕಿಂತ ಈ ಅವಕಾಶ ಬಳಸುವುದು ಜಾಣತನ. ಒಮ್ಮೆ ದಾಖಲಾದ ಹೆಸರನ್ನು ಬದಲಿಸುವುದು ತ್ರಾಸದ ಕೆಲಸ, ಬರವಣಿಗೆಯ ದೋಷ ತಿದ್ದಿಸುವುದಷ್ಟೇ ಸುಲಭ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ, ಜನನ ನೋಂದಣಿ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ, ಊರುಗಳ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಅಚ್ಚಾದ ಕಾಗುಣಿತವೇ ಉಳಿದ ಕಾಗದಗಳಿಗೆ ಇಳಿಯುತ್ತದೆ.

ಹಾಗಾಗಿ ನೋಂದಣಿ ಕಚೇರಿಗೆ ಹೋಗುವಾಗ ಒಂದು ಚೀಟಿಯಲ್ಲಿ ಕನ್ನಡ ರೂಪವನ್ನೂ ಇಂಗ್ಲಿಷ್ ದೊಡ್ಡಕ್ಷರದ ರೂಪವನ್ನೂ ಬರೆದುಕೊಂಡು ಹೋಗಿ, ಪ್ರಮಾಣಪತ್ರ ಅಚ್ಚಾಗುವ ಮೊದಲು ಪರದೆಯ ಮೇಲೆ ಎರಡನ್ನೂ ಓದಿ ನೋಡಿ. ಐದು ವರ್ಷದೊಳಗಿನ ಮಗುವಿನ ಆಧಾರ್ ಮಾಡಿಸುವಾಗಲೂ ಇದೇ ಎಚ್ಚರ ಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, 'ಕೆ'ಯನ್ನು 'ಕೇ' ಮಾಡಲು ಅದರಲ್ಲೊಂದನ್ನು ಖರ್ಚುಮಾಡುವುದು ದಂಡ. ಪಾಸ್‌ಪೋರ್ಟಿನಲ್ಲಿ ನಚಿಕೇತ ಎಂದಷ್ಟೇ ಒಂಟಿ ಹೆಸರು ಹಾಕಿಸಬೇಡಿ. ಕುಲನಾಮದ ಖಾನೆ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಕೂರುತ್ತದೆ. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್ 21ರಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರು ಅದನ್ನು ಜನನ ಪ್ರಮಾಣಪತ್ರದಲ್ಲೇ ಪೂರ್ತಿ ಬಿಡಿಸಿ, ಅಪ್ಪನ ಅಥವಾ ಊರಿನ ಹೆಸರಾಗಿ ಬರೆಸಿಕೊಂಡರೆ ಪಾಸ್‌ಪೋರ್ಟಿನ ಎರಡೂ ಖಾನೆ ತುಂಬುತ್ತವೆ.